ಎಪ್ಪತ್ತಮೂರನೆಯ ಸೀಟು

ಹಾರುವ ಕಾಗೆಗಳನ್ನು ಎಣಿಸಿ, ಅದರಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂದೂ ಹೇಳಬಲ್ಲವನು ನಾನು. ದೆವ್ವದ ವಿಷಯ ಕೇಳಲೇಬೇಡಿ. ಮೈಸೂರಿನ ನಮ್ಮ ಬೀದಿಯ ದೆವ್ವಗಳು ನನ್ನ ಕೆಮ್ಮು ಕೇಳಿದರೆ ಹುಣಸೆಮರ ಖಾಲಿ ಮಾಡುತ್ತಿದ್ದವು. ಇಂಥ ಆಸಾಮಿಯನ್ನು ಗುಣಪಾಲ ಬಿಟ್ಟಾನೆಯೇ?

ಗುಣಪಾಲ ಕಾಪು ಕಡೆಯವನು. ಹೆಂಡತಿ ರಾಜೀವಿಯೊಡನೆ ಗಲ್ಫಿನ ಅಲ್ ಕುಸೈಸ್‌ನ ಒಂದೇ ಫ್ಲ್ಯಾಟಿನಲ್ಲಿ ಇಪ್ಪತ್ತು ವರ್ಷ ಕಳೆದವನು. ವಿಮಾನದ ಸೀಟು ಅಲುಗಾಡಿಸಿ, ಬೆಲ್ಟು ಎಳೆದು ನೋಡಿ ಸಹಿ ಹಾಕುವುದು ಅವನ ಕೆಲಸ. 2014ರಲ್ಲಿ ನಮ್ಮ ಸಣ್ಣ ಕಂಪನಿ ದೊಡ್ಡದರಲ್ಲಿ ಸೇರಿಹೋದ ಮೇಲೆ ಆ ಸಹಿಗೆ ತೂಕ ಬಂತು. ದೊಡ್ಡವರ ಪೈಲಟ್‌ಗಳ ಕರಾರಿನಲ್ಲಿ ಒಂದು ಷರತ್ತಿತ್ತು: ಸಣ್ಣ ಜೆಟ್‌ನಲ್ಲಿ ಪ್ರಯಾಣಿಕರ ಸೀಟು ಎಪ್ಪತ್ತೆರಡು ದಾಟಿದರೆ ಅದನ್ನು ಹಾರಿಸುವ ಹಕ್ಕು ಅವರದು. ನಮ್ಮ ಜೆಟ್‌ನಲ್ಲಿದ್ದದ್ದು ಎಪ್ಪತ್ತಾರು. ಆರನೆಯ ಸಾಲಿನ ನಾಲ್ಕನ್ನೂ ಕಿತ್ತರು. ಹನ್ನೆರಡು ವರ್ಷದಿಂದ ಅದನ್ನೇ ಹಾರಿಸುತ್ತಿದ್ದ ನಮ್ಮ ಕ್ಯಾಪ್ಟನ್ ಸುಸನ್‌ಳ ಕೆಲಸ ಉಳಿಯಬೇಕಾದರೆ ಸೀಟು ಲೆಕ್ಕದ ಹಾಳೆಯ ಮೇಲೆ ಎಪ್ಪತ್ತೆರಡು ಎಂದೇ ಇರಬೇಕು, ಕೆಳಗೆ ಎರಡು ಸಹಿ ಬೇಕು. ಎರಡನೆಯದು ಕರಾರು ವಿಭಾಗದ ನನ್ನದು.

ಆಗಸ್ಟ್ ಮಧ್ಯಾಹ್ನ. ಹ್ಯಾಂಗರಿನಲ್ಲಿ ನಿಂತ ಜೆಟ್‌ನ ಒಳಗೆ ಎಸಿ ಇಲ್ಲ. ಮೊಟ್ಟೆಯಿಟ್ಟರೆ ಮರಿಯೇ ಬೆಂದು ಹೊರಬರುವ ಸೆಕೆ. ಕಿಟಕಿಗಳೆಲ್ಲ ಮುಚ್ಚಿದ್ದವು.

“ಆರನೇ ಸಾಲಲ್ಲಿ ಕೈ ಇಡ್ಬೇಡಿ ದ್ವಾರಕಣ್ಣ,” ಎಂದ ಗುಣಪಾಲ, ಬಾಗಿಲಲ್ಲೇ ನಿಂತು.

“ಅಲ್ಲೇನಿದೆ ಕೈ ಇಡೋಕೆ?”

“ಎಂತ ಇಲ್ಲ. ಅದಕ್ಕೇ ಹೇಳಿದ್ದು.”

ನಾನು ಸೀಟಿನ ತಲೆಯನ್ನು ಒಂದೊಂದಾಗಿ ಮುಟ್ಟುತ್ತ ಎಣಿಸಿದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತೊಂದನೆಯದು ಅಂಗೈಗೆ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಬಟ್ಟೆ ಮೆತ್ತಗೆ ಒಳಗೆ ಕುಸಿದು, ಯಾರೋ ಹಿಂದಕ್ಕೆ ಒರಗಿದಂತೆ ಮತ್ತೆ ಉಬ್ಬಿತು. ಎಣಿಕೆಯ ಹುಮ್ಮಸ್ಸಿನಲ್ಲಿ ಮುಂದೆ ಹೋದೆ. ಕೊನೆಯ ಸೀಟು ಮುಟ್ಟಿದಾಗ ಎಪ್ಪತ್ತಮೂರು. ತಿರುಗಿ ನೋಡಿದರೆ ಆರನೆಯ ಸಾಲಿನಲ್ಲಿ ಬರೀ ನೆಲ, ಸೀಟು ಕಿತ್ತ ಲೋಹದ ಹಳಿ.

ಏಣಿಗೆ ಹನ್ನೊಂದು ಮೆಟ್ಟಿಲು. ನಾನು ಬಳಸಿದ್ದು ಎರಡು.

ಕೆಳಗೆ ಗುಣಪಾಲ ಆಗಲೇ ಎಪ್ಪತ್ತೆರಡು ಎಂದು ಬರೆದು ಪೆನ್ನು ನನ್ನತ್ತ ಚಾಚಿದ್ದ.

“ನನ್ನ ಕೈಗೆ ಎಪ್ಪತ್ತಮೂರು ಸಿಕ್ತು ಕಣಯ್ಯ.”

“ನನಗೆ ದಿನಾ ಸಿಗ್ತದೆ. ಊರಲ್ಲಿ ತೀರಿಹೋದವರಿಗೆ ಬಡಿಸುವಾಗ ಒಂದು ಎಲೆ ಹೆಚ್ಚು ಹಾಕ್ತೇವೆ. ಅದನ್ನು ಊಟದ ಲೆಕ್ಕಕ್ಕೆ ಹಿಡೀಲಿಕ್ಕುಂಟಾ?”

“ಕರಾರಿನಲ್ಲಿ ಸತ್ತವರಿಗೆ ವಿನಾಯಿತಿ ಇಲ್ಲ, ಗುಣಪಾಲ.”

“ಕರಾರಲ್ಲಿರುವುದು ಪ್ರಯಾಣಿಕರ ಸೀಟು. ಮೇಲೆ ಆ ಸೀಟಲ್ಲಿ ಇರುವವರು ಇಳಿಯುವವರಲ್ಲ. ಪ್ರಯಾಣಿಕರು ಅಂದ್ರೆ ಇಳಿದು ಓಡುವವರು ಮಾರಾಯ್ರೆ, ನಿಮ್ಮ ಹಾಗೆ.”