ಬೇಷ್ತಾಷ್ ನಕ್ಷೆಯಲ್ಲಿ ನನ್ನ ಅಕ್ಷರ

ಕ್ರಾನ್‌ಬರ್ನ್‌ನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜ ತನ್ನನ್ನು ಗ್ರೀಕ್ ಎಂದು ಹೇಳಿಕೊಳ್ಳುತ್ತಿದ್ದ. ಮೆಲ್ಬರ್ನ್‌ನಲ್ಲಿ ಗ್ರೀಕರಿಗೇನೂ ಬರವಿಲ್ಲ. ಆದರೆ ಅವರಲ್ಲಿ ಯಾರಾದರೂ ಬಂದು ಗ್ರೀಕಿನಲ್ಲಿ ಮಾತಾಡಿಸಿದರೆ ಅಜ್ಜ ಕಿವಿ ಕೇಳಿಸದವನ ಹಾಗೆ ಕೂತುಬಿಡುತ್ತಿದ್ದ. ಅವನ ಮನೆಮಾತು ತುರ್ಕಿ, ಪ್ರಾರ್ಥನೆ ಗ್ರೀಕ್, ಶಾಲೆ ರಷ್ಯನ್, ಹುಟ್ಟಿದ ನೆಲ ಜಾರ್ಜಿಯಾ. ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದುದು ಇಂಗ್ಲಿಷಿನಲ್ಲಿ. ಅದು ಇಬ್ಬರಿಗೂ ಸರಿಯಾಗಿ ಬರುತ್ತಿರಲಿಲ್ಲ, ಹಾಗಾಗಿ ಜಗಳಕ್ಕೆ ಅವಕಾಶವಿರಲಿಲ್ಲ.

ನನ್ನದು ಹೋಮ್‌ಕೇರ್ ಕೆಲಸ. ವಾರಕ್ಕೆ ಮೂರು ಬೆಳಗ್ಗೆ ಹೋಗಿ ಅಜ್ಜನಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಟೀ ಮಾಡಬೇಕು. ಯಾರೂ ಕೇಳದಿದ್ದರೂ ಕೊಡುತ್ತಿದ್ದ ಇನ್ನೊಂದು ಸೇವೆ ಮಿಮಿಕ್ರಿ. ನನ್ನ ಸೂಪರ್‌ವೈಸರ್, ಪಕ್ಕದ ಮನೆಯ ಆಂಟಿ, ಈ ದೇಶದಲ್ಲೇ ನೆಲೆಸಲು ಬೇಕಾದ ಪಿಆರ್‌ಗಾಗಿ ಇಂಗ್ಲಿಷ್ ಪರೀಕ್ಷೆಗೆ ಕೂತಾಗ ನಾನೇ ಎಲ್ಲಿಂದಲೋ ಎರವಲು ತಂದ ನ್ಯಾಯಾಧೀಶರ ಗಂಟಲು, ಎಲ್ಲರೂ ಆ ಅಡುಗೆಮನೆಗೆ ಬಂದು ಹೋಗುತ್ತಿದ್ದರು. ಅಜ್ಜನ ಧ್ವನಿ ಸಿಕ್ಕಿದ ದಿನ ಅವನು ಟೀ ಕೆಳಗಿಟ್ಟು, "ನಾನು ಸತ್ತ ಮೇಲೆ ಫೋನ್‌ಗೆ ನೀನೇ ಉತ್ತರ ಕೊಡು. ಯಾರಿಗೂ ಗೊತ್ತಾಗಲ್ಲ" ಎಂದ. ನಕ್ಕೆವು. ಈಗ ಆ ಮಾತು ಅಷ್ಟು ನಗು ಬರಿಸುವುದಿಲ್ಲ.

ಅವನಿಗೆ ಉಳಿದಿದ್ದವಳು ಮೊಮ್ಮಗಳು ಒಬ್ಬಳೇ. ಇಲ್ಲೇ ಹುಟ್ಟಿದವಳು. ಅಜ್ಜ ತುರ್ಕಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ನಮ್ಮವರ ಮಕ್ಕಳ ಹಾಗೆಯೇ. ಅವಳು ಮುಂದಿನ ವರ್ಷ ಊರಿಗೆ ಹೋಗಿ ಅಜ್ಜನ ತಾಯಿಯ ಸಮಾಧಿಯಿಂದ ಒಂದು ಹಿಡಿ ಮಣ್ಣು ತರಬೇಕು, ಅದು ತನ್ನ ಗುಂಡಿಯೊಳಗೆ ಬೀಳಬೇಕು: ಅಜ್ಜನಿಗಿದ್ದ ಆಸೆ ಇದೊಂದೇ. ಅದಕ್ಕೆ ನಕ್ಷೆ ಬೇಕಿತ್ತು. ಊರಲ್ಲಿ ಈಗ ಅವರ ಪೈಕಿ ಯಾರೂ ಇಲ್ಲ. ಗೆರೆ ಎಳೆಯುವಷ್ಟು ಶಕ್ತಿ ಅಜ್ಜನ ಕೈಯಲ್ಲಿತ್ತು, ಬರೆಯುವಷ್ಟು ಇರಲಿಲ್ಲ. ಟೇಬಲ್ ಮೇಲೆ ದೊಡ್ಡ ಹಾಳೆ ಹಾಸಿ ಆ ಬದಿಯಲ್ಲಿ ಅವನು, ಈ ಬದಿಯಲ್ಲಿ ನಾನು ಕೂತೆವು.

ಅವನ ಜಿಲ್ಲೆ ತ್ಸಾಲ್ಕಾ. ಕಾಕಸಸ್ಸಿನ ಮೇಲೆ ಮರಗಳಿಲ್ಲದ, ಮಂಜು ಕವಿಯುವ ಎತ್ತರದ ಬಯಲು. ಆರೇಳು ತಲೆಮಾರಿನ ಹಿಂದೆ ಅವನ ಹಿರಿಯರು ತುರ್ಕಿಯ ಕಡೆಯಿಂದ ಎತ್ತಿನ ಗಾಡಿಗಳಲ್ಲಿ ಅಲ್ಲಿಗೆ ಬಂದರು. ಪಾತ್ರೆ ಪಗಡಗಳ ಜೊತೆ ಊರಿನ ಹೆಸರುಗಳನ್ನೂ ಹೇರಿಕೊಂಡು ಬಂದರು. ಜಿನಿಸಿ, ಸಾಂತಾ ಎಲ್ಲ ಹಾಗೆ ಬಂದ ಹೆಸರುಗಳು. ಕಿಜಿಲ್ ಕಿಲಿಸಾ ಎಂದರೆ ಕೆಂಪು ಚರ್ಚು. ಅವನದು ಬೇಷ್ತಾಷ್.

"ಅದರರ್ಥ ಏನು ಅಂಕಲ್?"

"ಐದು ಕಲ್ಲು."

"ಅದು ಊರಲ್ಲ. ನಮ್ಮಕ್ಕ ಜಗಲಿ ಮೇಲೆ ಆಡ್ತಿದ್ದ ಆಟ."

"ನಿಮ್ಮಕ್ಕ ಗೆಲ್ತಿದ್ಲಾ?"

"ಯಾವಾಗ್ಲೂ."

"ಹಾಗಾದ್ರೆ ಅವಳನ್ನ ಕಳಿಸಬೇಕಿತ್ತು. ನಮ್ಮವರೆಲ್ಲ ಸೋತು ಹೊರಟುಬಿಟ್ರು."

ಇನ್ನೊಂದು ಊರಿನ ಹೆಸರು ಖರಾಬಾ, ಅಂದರೆ ಪಾಳು. ನಮ್ಮ ಪಹಣಿಯಲ್ಲೂ ಖರಾಬು ಅಂತ ಒಂದು ಕಾಲಂ ಇದೆ, ಉಳೋಕೆ ಬಾರದ ಜಮೀನು ಅಂತ, ಎಂದೆ. ಅಜ್ಜ ನಗಲಿಲ್ಲ. "ಹೆಸರು ಅಷ್ಟು ದೂರ ನಡೆದಿದೆ ನೋಡು" ಎಂದ.

ಮೊದಲ ದಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದೆ. ಎರಡು ದಿನ ಬಿಟ್ಟು ಓದಿದಾಗ ಒಂದೂ ಸರಿಯಾಗಿ ಹೊರಡಲಿಲ್ಲ, ಅಜ್ಜನ ಮುಖ ಸಣ್ಣದಾಯಿತು. ಅದನ್ನೆಲ್ಲ ಅಳಿಸಿ ಕನ್ನಡದಲ್ಲಿ ಬರೆದೆ. ಆಮೇಲೆ ಅವನದೇ ಗಂಟಲಿನಲ್ಲಿ, ಅವನದೇ ಏರಿಳಿತದಲ್ಲಿ ಓದಿಕೊಟ್ಟೆ. ಅಜ್ಜ ಕಣ್ಣು ಮುಚ್ಚಿ ಕೇಳಿದ. ಮೊಮ್ಮಗಳು ಬಾಗಿಲಲ್ಲಿ ನಿಂತು, "ಇದನ್ನ ನಾನು ಓದೋದು ಹೇಗೆ?" ಎಂದಳು. "ಫೋನ್ ಮಾಡು, ನಿಮ್ಮಜ್ಜನೇ ಓದಿ ಹೇಳ್ತಾನೆ" ಎಂದು ಎದೆ ತಟ್ಟಿಕೊಂಡೆ.

ಊರೊಳಗೆ ಬರುವವನ ಕಣ್ಣಿಗೆ ಕಾಣುವ ಹಾಗೆ ಅಜ್ಜ ಗೆರೆ ಎಳೆದ. ಊರ ನಡುವೆ ದನಗಳ ನೀರಿನ ತೊಟ್ಟಿ. ಅಲ್ಲಿಂದ ಒಂದು ಕಡೆಗೆ ಹೋದರೆ ಅವರ ಸ್ಮಶಾನ; ಆ ಶಿಲುಬೆಗಳ ಪಕ್ಕ ಹಾಗೆಂದು ಬರೆದೆ. ದೊಡ್ಡ ಬಂಡೆಯಿಂದ ನಾಲ್ಕನೆಯದು, ಬರಹವಿಲ್ಲದ ಕಲ್ಲು, ಅವನ ತಾಯಿಯದು. ಇನ್ನೊಂದು ತುದಿಗೂ ಅಜ್ಜ ಕೆಲವು ಶಿಲುಬೆ ಗೀಚಿದ. ಅಲ್ಲಿ ಏನು ಬರೆಯಲಿ ಎಂದೆ.

"ಏನೂ ಬರೀಬೇಡ. ಅದು ನಮ್ಮದಲ್ಲ."

ಅವರು ಬರುವ ಮೊದಲೇ ಅಲ್ಲೊಂದು ಊರಿತ್ತು. ಚಾವಣಿ ಬಿದ್ದ ಚರ್ಚು, ಸಮಾಧಿಗಳು, ಜನ ಮಾತ್ರ ಒಬ್ಬರೂ ಇಲ್ಲ. ಹೆಸರು ಕೇಳೋಣವೆಂದರೆ ಯಾರನ್ನು ಕೇಳುವುದು? ಕಲ್ಲುಗಳನ್ನು ಕಿತ್ತು ತಂದು ಮನೆ ಕಟ್ಟಿದರು. ಅಜ್ಜನ ಮನೆಯ ಹೊಸ್ತಿಲು ಅಂಥದೊಂದು ಕಲ್ಲು. ಅದನ್ನು ತುಳಿದರೆ ಅಮ್ಮ ಬೈಯುತ್ತಿದ್ದಳಂತೆ.

"ನಮ್ಮನೇಲೂ ಹೊಸ್ತಿಲು ತುಳಿಯೋ ಹಾಗಿಲ್ಲ" ಎಂದೆ.

"ನಿಮ್ಮ ಹೊಸ್ತಿಲ ಮೇಲೆ ಬರಹ ಇತ್ತಾ?"

"ಇಲ್ಲ."

"ನಮ್ಮದರ ಮೇಲೆ ಇತ್ತು. ಊರಲ್ಲಿ ಯಾರಿಗೂ ಓದೋಕೆ ಬರ್ತಿರಲಿಲ್ಲ." ಗೀಚಿದ ಆ ಶಿಲುಬೆಗಳ ಮೇಲೆ ಬೆರಳಿಟ್ಟು ಹೇಳಿದ: "ಅವರ ಕಲ್ಲು ತಂದಿದ್ದಕ್ಕೇ ನಾವೂ ಖಾಲಿಯಾದ್ವಿ ಅಂತಿದ್ಲು ಅಮ್ಮ. ಅಲ್ಲಿಂದ ಒಂದು ಹುಲ್ಲುಕಡ್ಡಿನೂ ತರಬಾರದು."

ಪಿಆರ್ ಬಂದ ಮೇಲೆ ನಾನು ಸಿಡ್ನಿಗೆ ಬಂದೆ, ಲಿವರ್‌ಪೂಲ್‌ನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಕೆಲಸ. ಹೊರಡುವಾಗ ಅಜ್ಜ, "ಲಿವರ್‌ಪೂಲಾ? ಅದೂ ಹೆಸರು ಹೇರಿಕೊಂಡು ಬಂದವರ ಊರೇ. ಮೊದಲು ಅಲ್ಲಿ ಯಾರಿದ್ರು ಕೇಳಿ ನೋಡು" ಎಂದಿದ್ದ. ನಾನು ಕೇಳಲಿಲ್ಲ. ಕೇಳಿದ್ದು ರೆಂಟ್ ಎಷ್ಟು ಅಂತ.

ಆರು ತಿಂಗಳಲ್ಲಿ ಅಜ್ಜನಿಗೆ ಸ್ಟ್ರೋಕ್ ಆಯಿತು. ಮಾತು ಪೂರ್ತಿ ಹೋಯಿತು, ಬಲಗೈ ಕೂಡ. ಕಾಯುವುದು ಬೇಡವೆಂದು ಮೊಮ್ಮಗಳು ಹೊರಟೇಬಿಟ್ಟಳು.

ಅವಳ ವೀಡಿಯೊ ಕಾಲ್ ಬಂದಾಗ ನಾನು ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದೆ. ಪರದೆಯ ತುಂಬ ಬಿಳಿ ಮಂಜು, ನಡುವೆ ಅವಳ ಕೆಂಪು ಮೂಗು. ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿಲ್ಲ, ಈಗಿರುವವರು ಬೇರೆ ಕಡೆಯಿಂದ ಬಂದವರು, ಟೀ ಕೊಟ್ಟರು, ಸಮಾಧಿಯ ವಿಷಯ ಗೊತ್ತಿಲ್ಲವಂತೆ ಎಂದಳು. ಊರೊಳಗೆ ಬಂದ ದಾರಿಗೆ ಬೆನ್ನು ಮಾಡಿ, ತೊಟ್ಟಿಯ ಪಕ್ಕ ನಿಂತು ನಕ್ಷೆ ಬಿಚ್ಚಿದಳು.

"ಇದನ್ನ ಯಾವ ಕಡೆಯಿಂದ ಹಿಡಿಯೋದು? ನಿನ್ನ ಅಕ್ಷರಕ್ಕೆ ತಲೆ ಯಾವುದು, ಕಾಲು ಯಾವುದು?"

ಅಜ್ಜನ ಧ್ವನಿ ತೆಗೆದೆ. "ಮಗಳೇ, ಅಕ್ಷರದ ಮೇಲೆ ಒಂದು ಗೀಟು ಇದೆಯಲ್ಲ, ಸೈನಿಕರ ಟೋಪಿ ತರ? ಟೋಪಿ ಮೇಲಕ್ಕೆ ಬರಲಿ. ತಲೆಕೆಳಗಾಗಿ ನಿಂತ ಸೈನಿಕನ್ನ ಎಲ್ಲಾದ್ರೂ ನೋಡಿದ್ದೀಯಾ?"

ಅವಳು ನಕ್ಕಳು. ಹಾಳೆ ತಿರುಗಿಸಿಕೊಂಡಳು. "ಹಾಗಾದ್ರೆ ಅಕ್ಷರ ಇರೋ ಶಿಲುಬೆಗಳು ಎಡಕ್ಕೆ?"

"ಎಡಕ್ಕೆ ಹೋಗು" ಎಂದೆ, ಅವಳ ಅಜ್ಜನ ಗಂಟಲಿನಲ್ಲಿ.

ಒಂದು ಗಂಟೆ ಕಳೆದ ಮೇಲೆ ಫೋಟೋ ಬಂತು. ಬರಹವಿಲ್ಲದ ಕಲ್ಲು, ಅದರ ಪಕ್ಕ ಮಂಡಿಯೂರಿದ ಅವಳು, ಕೈಯಲ್ಲಿ ಕೋಲ್ಡ್ ಕ್ರೀಮಿನ ಖಾಲಿ ಡಬ್ಬಿ. ಹಿಂದೆ ಮಂಜಿನೊಳಗಿಂದ ಒಂದು ಗೋಡೆ ಎದ್ದು ನಿಂತಿತ್ತು. ಕಮಾನಿತ್ತು. ಚಾವಣಿ ಇರಲಿಲ್ಲ.

ಆಗ ಟೇಬಲ್ ನೆನಪಾಯಿತು. ಅಜ್ಜ ಗೆರೆ ಎಳೆದದ್ದು ಆ ಬದಿಯಿಂದ. ನಾನು ಬರೆದದ್ದು ಈ ಬದಿಯಿಂದ, ಅವನ ಎದುರು ಕೂತು. ಅವನ ಬಲ ನನಗೆ ಎಡ. ನನ್ನ ಸೈನಿಕರೆಲ್ಲ ಅವನ ಊರಿನಲ್ಲಿ ತಲೆಕೆಳಗಾಗಿ ನಿಂತಿದ್ದರು.

ಕನ್ನಡ ಬಲ್ಲ ಯಾರಾದರೂ ಅಜ್ಜನ ಬದಿಯಿಂದ ಒಂದು ಸಲ ನೋಡಿದ್ದರೂ ಸಾಕಿತ್ತು. ಅಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ.

ಮನೆಗೆ ಹೋಗಿ ಮಂಗಳೂರಿನ ರೂಮ್‌ಮೇಟ್‌ಗೆ ಹೇಳಿದೆ. ಅವನು ಮೀನು ಹುರಿಯುತ್ತಿದ್ದ. ಸೌಟು ನಿಂತಿತು.

"ಈಗಲೇ ಹೇಳಿಬಿಡು ಮಾರಾಯ. ಅವಳಿನ್ನೂ ಅಲ್ಲೇ ಉಂಟಲ್ಲ?"

"ನಾಳೆ ಬೆಳಗ್ಗೆ ಫ್ಲೈಟ್."

"ಹಾಗಾದ್ರೆ ಇವತ್ತು ಟೈಮ್ ಉಂಟು. ಎಲ್ಲರದ್ದೂ ಸ್ವರ ತೆಗೀತಿ, ನಿನ್ನದು ಒಂದು ತೆಗೀಲಿಕ್ಕೆ ಆಗುದಿಲ್ವಾ?"

ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿ, ಕೊನೆಗೆ ಒಂದು ನಗುಮುಖ ಕಳಿಸಿದೆ. ಮೆಲ್ಬರ್ನ್‌ಗೆ ಹೋಗಿ ಎದುರಿಗೇ ಹೇಳುತ್ತೇನೆ ಎಂದುಕೊಂಡೆ. ಪುಕ್ಕಲರಿಗೆ ಮುಂದಿನ ವಾರ ಯಾವಾಗಲೂ ಅನುಕೂಲ.

ಒಂದು ಸೇಬನ್ನೂ ಒಳಗೆ ಬಿಡದ ಈ ದೇಶದ ಏರ್‌ಪೋರ್ಟಿನಿಂದ ಅವಳು ಮಣ್ಣು ಹೇಗೆ ದಾಟಿಸಿದಳು ಎಂದು ನಾನು ಬರೆಯುವುದಿಲ್ಲ. ಶನಿವಾರ ಬೆಳಗ್ಗೆ ನಾನು ಕ್ರಾನ್‌ಬರ್ನ್ ತಲುಪಿದಾಗ ಡಬ್ಬಿ ಅಜ್ಜನ ಹಾಸಿಗೆಯ ಟ್ರೇ ಮೇಲಿತ್ತು. ಅವಳು ಮುಚ್ಚಳ ತಿರುಗಿಸಿ ತೆಗೆದಳು. ಅಜ್ಜ ಎಡಗೈ ಬೆರಳುಗಳನ್ನು ಮಣ್ಣಿನಲ್ಲಿ ಇಳಿಸಿದ. ಉಜ್ಜಿದ. ಅವನ ಊರಿನ ಮಣ್ಣು ಎಣ್ಣೆಗಪ್ಪು ಎಂದು ಎಷ್ಟು ಸಲ ಹೇಳಿದ್ದನೋ. ಇದು ಕಪ್ಪೇ, ಆದರೆ ನಡುನಡುವೆ ಬಿಳಿ ಚೂರುಗಳಿದ್ದವು, ಹಳೆಯ ಗೋಡೆಯ ಗಾರೆ. ಅಜ್ಜ ಒಂದು ಚೂರನ್ನು ಆರಿಸಿ ಟ್ರೇ ಅಂಚಿನಲ್ಲಿಟ್ಟ. ಇನ್ನೊಂದನ್ನು ಇಟ್ಟ. ಐದನೆಯದನ್ನು ಇಟ್ಟ ಮೇಲೆ ತಲೆಯೆತ್ತಿ ನೋಡಿದ್ದು ಅವಳನ್ನಲ್ಲ, ನನ್ನನ್ನು.

ಆಮೇಲೆ ಎಡಗೈಯನ್ನು ಗಾಳಿಯಲ್ಲಿ ಚಪ್ಪಟೆಯಾಗಿ ಹಿಡಿದು ನಿಧಾನಕ್ಕೆ ಅರ್ಧ ಸುತ್ತು ತಿರುಗಿಸಿದ. ಟೇಬಲ್ ಮೇಲಿನ ಹಾಳೆಯನ್ನು ತಿರುಗಿಸುವ ಹಾಗೆ.

"ಮುಚ್ಚಳ ಹಾಕು ಅಂತಾನೆ" ಎಂದಳು ಮೊಮ್ಮಗಳು. ಅಜ್ಜ ಮತ್ತೆ ತಿರುಗಿಸಿದ. ಅವಳಿಗೆ ಅನುಮಾನ ಬಂತು. "ಅವನ ಮಾತು ನಿಂಗೆ ಬರುತ್ತಲ್ಲ, ಏನು ಹೇಳ್ತಿದ್ದಾನೆ ಹೇಳು."

ಅವಳ ಉಗುರುಗಳ ಸಂದಿಯಲ್ಲಿ ಇನ್ನೂ ಆ ಮಣ್ಣಿತ್ತು.

"ಚೆನ್ನಾಗಿದೆ ಮಗಳೇ, ಮುಚ್ಚಿಡು" ಎಂದೆ. ಧ್ವನಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಅವಳು ಅತ್ತಳು, ನನ್ನ ಕೈ ಹಿಡಿದಳು. ಅಜ್ಜ ಕೈ ಇಳಿಸಿ ಗೋಡೆಯ ಕಡೆ ಮುಖ ಮಾಡಿದ. ನಾನು ಹೊರಡುವವರೆಗೂ ಈ ಕಡೆ ತಿರುಗಲಿಲ್ಲ.

ಚಳಿಗಾಲ ಶುರುವಾಗುವ ಮುಂಚೆ ಅವನನ್ನು ಮಣ್ಣು ಮಾಡಿದರು. ಡ್ಯೂಟಿ ಇದೆ ಎಂದು ಹೇಳಿ ನಾನು ಹೋಗಲಿಲ್ಲ. ಡಬ್ಬಿ ಖಾಲಿ ಮಾಡಿದೆ ಎಂದು ಅವಳು ಮೆಸೇಜ್ ಮಾಡಿದಳು. ಮರುದಿನ ಇನ್ನೊಂದು ಮೆಸೇಜ್ ಬಂತು, ನಕ್ಷೆಯ ಫೋಟೋ ಸಮೇತ: ಕಲ್ಲಿನ ಮೇಲೆ ಊರಿನ ಹೆಸರು ಕೆತ್ತಿಸಬೇಕು, ಇದರಲ್ಲಿ ಯಾವುದು ನಮ್ಮೂರು, ಇಂಗ್ಲಿಷಿನಲ್ಲಿ ಬರೆದು ಕಳಿಸು.

ಫೋಟೋದಲ್ಲಿ ನನ್ನ ಅಕ್ಷರಗಳು ನೆಟ್ಟಗೆ ನಿಂತಿದ್ದವು. ಏನೂ ಬರೆಯದ ಆ ಶಿಲುಬೆಗಳು ಬಲಗಡೆ ಇದ್ದವು. ಬೇಷ್ತಾಷ್ ಎಂದು ಟೈಪ್ ಮಾಡಿ ಕಳಿಸಿದೆ.