ಓದಿ ಹೇಳಿದ್ದನ್ನು ಕೇಳಿದೆ, ಸರಿಯಿದೆ

ತೋವಿನಕೆರೆ ಕಡೆಯವಳಾದ ನನಗೆ ಗ್ರಾಮ ಲೆಕ್ಕಿಗರ ಕೆಲಸ ಸಿಕ್ಕಿದ್ದು ಪಾವಗಡ ತಾಲ್ಲೂಕಿನ, ತೆಲುಗು ಮಾತಾಡುವ ಗಡಿಹಳ್ಳಿಗಳಲ್ಲಿ. ಮೊದಲ ವರ್ಷ ತೆಲುಗು ಕಲಿಯಲೇ ಇಲ್ಲ. ಕನ್ನಡದ ಸರ್ಕಾರ, ಕನ್ನಡದ ಕಾಗದ, ಬೇಕಾದವರು ಕನ್ನಡದಲ್ಲೇ ಹೇಳಲಿ ಅನ್ನುವ ಜಂಬ. ಅರ್ಥವಾಗದಿದ್ದಾಗ ಪಕ್ಕದಲ್ಲಿ ನಿಂತವರನ್ನು ಕೇಳಿ ಬರೆದುಕೊಳ್ಳುತ್ತಿದ್ದೆ. ಕೆಲಸ ಬೇಗ ಮುಗಿಯುತ್ತಿತ್ತು, ಅದಕ್ಕೂ ಒಂದು ಹೆಮ್ಮೆ.

ಆ ವರ್ಷ ಒಬ್ಬ ಹೆಂಗಸು ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಳು. ವಿಚಾರಣೆಗೆಂದು ಮನೆಗೆ ಹೋದೆ. ಆಕೆಗೆ ತೆಲುಗು ಬಿಟ್ಟು ಬೇರೆ ಮಾತು ಬಾರದು. ಗಂಡನ ಅಣ್ಣ ಜಗಲಿಯ ಮೇಲೆ ಕುರ್ಚಿ ಹಾಕಿಸಿ, ತಾನೇ ಕನ್ನಡದಲ್ಲಿ ಉತ್ತರ ಕೊಡತೊಡಗಿದ.

“ನಾವೇನು ಬ್ಯಾರೆ ಆಗಿಲ್ಲ ಮೇಡಮ್ಮ. ಎಲ್ರೂ ಒಂದೇ ಒಲೇಲಿ ಬೇಯ್ಸಿ ಉಣ್ತೀವಿ. ತಮ್ಮ ಸತ್ತ ಅಂತ ಅವನ ಹೆಂಡ್ತೀನ ಬುಟ್ಬುಡ್ತೀವಾ?”

ಆಕೆ ಕಂಬದ ಮರೆಯಲ್ಲಿ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ತುಟಿ ಬಿಚ್ಚಲಿಲ್ಲ. ಭಾವನ ಎದುರು ಆ ಮನೆಗಳ ಹೆಣ್ಣುಮಕ್ಕಳು ಮಾತಾಡುವುದಿಲ್ಲ. ನಮ್ಮೂರಲ್ಲಿ ನಮ್ಮಜ್ಜಿಯೂ ಮಾತಾಡುತ್ತಿರಲಿಲ್ಲ. ಗೊತ್ತಿದ್ದೂ ಆ ಮೌನವನ್ನು ಒಪ್ಪಿಗೆ ಅಂದುಕೊಂಡೆ. ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ತಗಡಿನ ಮರೆಯಲ್ಲಿ ಇನ್ನೊಂದು ಒಲೆ, ಅದರ ಮೇಲೊಂದು ಸಣ್ಣ ಮಡಕೆ ಕಂಡಿತ್ತು. ನೀರು ಕಾಯಿಸುವುದಕ್ಕಿರಬೇಕು ಅಂದುಕೊಂಡು ಬಂದುಬಿಟ್ಟೆ.

ಆಕೆಯ ಹೇಳಿಕೆ ಅಂತ ಬರೆದೆ: ‘ನಾನು ಭಾವನ ಒಟ್ಟು ಕುಟುಂಬದಲ್ಲಿದ್ದೇನೆ.’ ಕೊನೆಗೆ ವಾಡಿಕೆಯ ಸಾಲು: ‘ಓದಿ ಹೇಳಿದ್ದನ್ನು ಕೇಳಿದೆ, ಸರಿಯಿದೆ.’ ನಾನು ಓದಿ ಹೇಳಿರಲಿಲ್ಲ. ಹೇಳಿದ್ದರೂ ಆಕೆಗೆ ತಿಳಿಯುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡೆ. ಒಟ್ಟು ಕುಟುಂಬದ ಆದಾಯ ಮಿತಿ ಮೀರಿದೆಯೆಂದು ಅರ್ಜಿ ವಜಾ ಆಯಿತು.

ಮುಂದಿನ ಬೇಸಿಗೆಯಲ್ಲಿ ಆಕೆ ಆ ವಜಾದ ಕಾಗದ ಹಿಡಿದುಕೊಂಡು ಒಬ್ಬಳೇ ಬಸ್ಸು ಹತ್ತಿ ನನ್ನ ಕಚೇರಿಗೆ ಬಂದಳು. ಅಷ್ಟರಲ್ಲಿ ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿ ಕೇಳಿ ನನಗೂ ಅಷ್ಟಿಷ್ಟು ತೆಲುಗು ಬರುತ್ತಿತ್ತು. ಗಂಡ ಸತ್ತ ಮೂರನೇ ತಿಂಗಳಿಗೇ ಬೇರೆ ಒಲೆ ಹೂಡಿಕೊಟ್ಟರು, ಕೂಲಿ ಸಿಕ್ಕ ದಿನ ಅದು ಉರಿಯುತ್ತದೆ ಅಂದಳು. ಹಿತ್ತಿಲಿನ ಆ ಸಣ್ಣ ಮಡಕೆ ಕಣ್ಣಿಗೆ ಕಟ್ಟಿತು. ನಾಚಿಕೆಯಾಯಿತು ನನಗೆ. ಭಾವನ ಮೇಲೆ ಸಿಟ್ಟೂ ಬಂತು. ಆದರೆ ಅವನು ಸರ್ಕಾರದವಳ ಮುಂದೆ ಮನೆಯ ಮಾನ ಮುಚ್ಚಿಕೊಂಡವನು, ಕಣ್ಣಾರೆ ಕಂಡದ್ದನ್ನು ಬಿಟ್ಟು ಬರೆದವಳು ನಾನು.

ಹೊಸ ಅರ್ಜಿ ತುಂಬಿಸಿದೆ. ಈ ಸಲ ಮಂಜೂರಾಯಿತು, ಅದು ಆಮೇಲಿನ ಮಾತು. ಅವತ್ತು ಹೇಳಿಕೆ ಬರೆದು, ಒಂದೊಂದೇ ಸಾಲನ್ನು ತೆಲುಗಿಗೆ ತಿರುಗಿಸಿ ಓದಿದೆ. ನನ್ನ ತೆಲುಗಿಗೆ ಆಕೆ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ವಾಡಿಕೆಯ ಆ ಕೊನೆಯ ಸಾಲನ್ನೂ ಓದಿ, ಶಾಯಿ ಡಬ್ಬಿ ಮುಂದಿಟ್ಟೆ. ಹೆಬ್ಬೆರಳು ಅದ್ದಿದವಳು ಕಾಗದಕ್ಕೆ ಒತ್ತದೆ ಹಾಗೇ ಹಿಡಿದುಕೊಂಡು ಕೇಳಿದಳು:

“ಪೋಯಿನ ಸಾರಿ ನೇನು ಏಮಿ ಚೆಪ್ಪಿನಾನು ಮೇಡಮ್ಮಾ?”

ಹೋದ ಸಲ ನಾನು ಏನು ಹೇಳಿದ್ದೆ, ಅಂತ.

ಹಳೆಯ ಕಡತ ಬೀರುವಿನಲ್ಲೇ ಇತ್ತು. ತೆಗೆದು ಅದನ್ನೂ ತೆಲುಗಿನಲ್ಲಿ ಓದಿ ಹೇಳಿದೆ, ‘ಸರಿಯಿದೆ’ ಅನ್ನುವಲ್ಲಿಯವರೆಗೆ. ಅದರ ಕೆಳಗಿದ್ದ ತನ್ನ ಹೆಬ್ಬೆಟ್ಟಿನ ಗುರುತನ್ನು ಆಕೆ ತುಂಬ ಹೊತ್ತು ನೋಡಿದಳು. ಬೆರಳಿನ ಶಾಯಿ ಒಣಗಿತ್ತು. ಮತ್ತೆ ಅದ್ದಿ, ಹೊಸದಕ್ಕೆ ಒತ್ತಿದಳು.