ಎಡಕ್ಕೆ ಗುಣ, ಬಲಕ್ಕೆ ದೋಷ

ಗೂಳಪ್ಪನವರು ಸಿನಿಮಾ ನೋಡುವಾಗ ಎಡಗೈಯಲ್ಲಿ ಸ್ಟಾಪ್‌ವಾಚ್ ಇರುತ್ತದೆ. ಮೂವತ್ತೊಂದು ವರ್ಷ ಪುಣೆಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದವರು ಅವರು. ಕೂದಲೆಳೆಯಷ್ಟು ಹೆಚ್ಚಿದ್ದರೂ ವಾಪಸು ಕಳಿಸುತ್ತಿದ್ದರು. ನಿವೃತ್ತಿಯಾದ ಮೇಲೆ, ಕಳೆದ ಏಳು ವರ್ಷಗಳಿಂದ, ಸದಾಶಿವ ಪೇಠದ ಫಿಲ್ಮ್ ಸೊಸೈಟಿ ತೋರಿಸುವ ಪ್ರತಿ ಚಿತ್ರದ ಬಗ್ಗೆ ಒಂದು ಪುಟ ಬರೆಯುತ್ತಾರೆ. ನಡುವೆ ಗೆರೆ; ಎಡಕ್ಕೆ ಗುಣ, ಬಲಕ್ಕೆ ದೋಷ. ಕಾರ್ಯದರ್ಶಿ ಕೇತಕಿ ಅದನ್ನು ಜೆರಾಕ್ಸ್ ಮಾಡಿಸಿ ಸದಸ್ಯರಿಗೆ ಹಂಚುತ್ತಾಳೆ.

ಯುದ್ಧದ ಚಿತ್ರವಾದರೆ ಬಲಗಡೆ ಇಂಥ ಒಂದು ಸಾಲು ತಪ್ಪುತ್ತಿರಲಿಲ್ಲ: ‘ಸಾಯುವ ಸೈನಿಕನ ಮಾತು, ಒಂದು ನಿಮಿಷ ನಲವತ್ತು ಸೆಕೆಂಡು. ಸುಳ್ಳು.’

ಕೇತಕಿ ಒಮ್ಮೆ ಮರಾಠಿಯಲ್ಲಿ ಕೆಣಕಿದಳು. “ಕಾಕಾ, ನಾನೂರು ವರ್ಷ ಹಳೆಯ ಆ ಇಂಗ್ಲಿಷ್ ನಾಟಕವನ್ನು ಸಿನಿಮಾ ಮಾಡಿದ್ದರಲ್ಲ, ಅದರಲ್ಲಿ ರಾಜ ನಾಲ್ಕು ನಿಮಿಷ ಮಾತಾಡಿ ಸತ್ತ. ಅದನ್ನು ಗುಣದ ಕಡೆ ಬರೆದಿರಿ. ರಾಜನಿಗೆ ರಿಯಾಯಿತಿಯೇ?”

“ರಾಜ ನಾಟಕದವನು. ಬದುಕಿದ್ದಾಗಲೂ ಪದ್ಯದಲ್ಲೇ ಮಾತಾಡುತ್ತಿದ್ದ. ಸಾಯುವಾಗ ಅದನ್ನು ಕತ್ತರಿಸಿದ್ದರೇ ದೋಷ. ಸಿಪಾಯಿ ಹಾಗಲ್ಲ, ಯಾರದೋ ಮನೆಯವನು.”

“ರಾಜನ ಮನೆಯವರು ಬಂದು ಜಗಳ ತೆಗೆಯುವುದಿಲ್ಲ ಅಂತ ಧೈರ್ಯ” ಎಂದಳು ಕೇತಕಿ. ಗೂಳಪ್ಪ ನಗಲಿಲ್ಲ.

ಅವರ ತಮ್ಮ ಭೀಮಣ್ಣ ಸೈನ್ಯದಲ್ಲಿದ್ದ. ಇಪ್ಪತ್ತಾರು ವರ್ಷದ ಹಿಂದೆ ಗಡಿಯಲ್ಲಿ ಗುಂಡು ತಗುಲಿ ತೀರಿಕೊಂಡ. ಅವನ ಟ್ರಂಕನ್ನು ತಂದುಕೊಟ್ಟವನು ಜೊತೆಗಾರ ಮುನಿಸ್ವಾಮಿ, ಕೋಲಾರದ ಕಡೆಯವನು. ಗೂಳಪ್ಪ ಅವನನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿ, ತಮ್ಮ ಕೊನೆಗೆ ಏನಂದ ಎಂದು ಕೇಳಿದರು.

“ಏನೂ ಅನ್ಲಿಲ್ಲ ಅಣ್ಣ. ಊಟದ ಡಬ್ಬಿ ಮುಚ್ತಾ ಇದ್ದ, ಹಂಗೇ ಬಿದ್ದ. ನಾವು ತಿರುಗಿ ನೋಡೋ ಹೊತ್ಗೆ ಇರ್ಲಿಲ್ಲ.”

ಮೇಲೆ ಬಾಗಿಲಲ್ಲಿ ತಾಯಿ ಕಾಶವ್ವ ನಿಂತಿದ್ದರು. ಕೆಳಗಿನ ಮಾತು ಅವರಿಗೆ ಕೇಳಿಸಿರಲಿಲ್ಲ. ಮುನಿಸ್ವಾಮಿಯನ್ನು ಕಂಡವರೇ ಕೇಳಿದರು: “ಯಾರರ ಬಾಯಾಗ ನೀರ ಬಿಟ್ರೇನಪ್ಪಾ?”

ಮುನಿಸ್ವಾಮಿ ತಲೆ ತಗ್ಗಿಸಿದ. ಗೂಳಪ್ಪ ಉತ್ತರ ಕೊಟ್ಟರು. “ಬಿಟ್ರಂತವ್ವ. ‘ನೀರ ಕುಡದೀನಿ, ನೋವಿಲ್ಲ, ಅವ್ವಗ ಹೇಳ್ರಿ’ ಅಂದನಂತ.”

ಅಳತೆ ತಪ್ಪಿದೆ ಎಂದು ಗೊತ್ತಿದ್ದೂ ಅವರು ಪಾಸು ಮಾಡಿದ್ದು ಅದೊಂದನ್ನೇ.

ಹೋದ ತಿಂಗಳ ಒಂದು ಭಾನುವಾರ ಹೆಂಡತಿ ರಂಜನಾ ಇಂದಾಪುರದ ಮಗಳ ಮನೆಗೆ ಹೋಗಿದ್ದರು. ಎಂಬತ್ತೆಂಟರ ಕಾಶವ್ವನನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ. ಗೂಳಪ್ಪ ಅವರನ್ನು ರಿಕ್ಷಾದಲ್ಲಿ ಚಿತ್ರಕ್ಕೆ ಕರೆತಂದರು. ಯಾವುದೋ ದೂರದ ದೇಶದ ಯುದ್ಧದ ಚಿತ್ರ. ಅದರಲ್ಲಿ ಇಪ್ಪತ್ತರ ಹುಡುಗನೊಬ್ಬ ಬೇಯಿಸಿದ ಆಲೂಗಡ್ಡೆ ಸುಲಿಯುತ್ತಿದ್ದ. ಗುಂಡು ತಗುಲಿತು, ಬಿದ್ದ. ಗೂಳಪ್ಪ ಕತ್ತಲಲ್ಲೇ ಎಡಗಡೆ ಬರೆದರು: ‘ಸಾವು, ಎರಡು ಸೆಕೆಂಡು. ಮಾತಿಲ್ಲ. ನಿಜ.’ ಏಳು ವರ್ಷದಲ್ಲಿ ಸಿಪಾಯಿಯ ಸಾವಿನ ಸಾಲು ಗೆರೆಯ ಎಡಕ್ಕೆ ಬಂದದ್ದು ಅದೇ ಮೊದಲು.

ದೀಪ ಹತ್ತಿದರೂ ಕಾಶವ್ವ ಏಳಲಿಲ್ಲ.

“ಆ ಹುಡುಗ ಏನೂ ಅನಲಿಲ್ಲಲ್ಲೋ ಗೂಳ್ಯಾ.”

“ಇಲ್ಲವ್ವ.”

“ನಮ್ಮ ಭೀಮ್ಯಾ ಅಂದಿದ್ದ. ಏನಂದಿದ್ದ, ಇನ್ನೊಮ್ಮೆ ಹೇಳು.”

ಗೂಳಪ್ಪ ಪೆನ್ನಿನ ಮುಚ್ಚಳ ಹಾಕಿದರು. “ನೋವಿಲ್ಲ, ಅವ್ವಗ ಹೇಳ್ರಿ ಅಂದಿದ್ದ.”

“ನೀರಿಂದು ಬಿಟ್ಟಿ ನೋಡು. ಮೊದಲ ಅದನ್ನ ಅಂದಿದ್ದ. ನೀರ ಕುಡದೀನಿ ಅಂತ. ಅದನ್ನ ಮರೀಬ್ಯಾಡ.”

“ಹೌದವ್ವ. ಮೊದಲ ಅದನ್ನ ಅಂದಿದ್ದ.”

ಕಾಶವ್ವನಿಗೆ ಓದು ಬರದು. ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು: “ತಪ್ಪು ಯಾವ ಕಡೆ ಬರೀತಿ?”

ಗೂಳಪ್ಪ ಬಲಗಡೆ ತೋರಿಸಿದರು.

“ಹಂಗಾರ ಬರಿ. ಅಷ್ಟು ಮಂದಿ ಸುತ್ತ ಇದ್ರು, ಹುಡುಗಗ ಒಬ್ರೂ ನೀರ ಕೊಡಲಿಲ್ಲ ಅಂತ ಬರಿ.”

ಅವರು ಬರೆದರು. ಬರೆದದ್ದನ್ನು ಕಾಶವ್ವ ಗಟ್ಟಿಯಾಗಿ ಓದಿಸಿ ಕೇಳಿಕೊಂಡೇ ಎದ್ದರು.

ಮರುದಿನ ಬೆಳಿಗ್ಗೆ ಕೇತಕಿಯ ಫೋನು ಬಂತು. “ಕಾಕಾ, ಎರಡೇ ಸೆಕೆಂಡು ಅಂತ ನೀವೇ ಬರೆದಿದ್ದೀರಿ. ಅಷ್ಟರಲ್ಲಿ ನೀರು ಯಾರು ಕೊಟ್ಟಾರು? ಬಲಗಡೆಯದನ್ನು ತೆಗೆಯಲೇ?”

ಗೂಳಪ್ಪ ಒಳಕೋಣೆಯ ಕಡೆ ನೋಡಿದರು. ಕಾಶವ್ವ ಗೋಡೆಗೊರಗಿ ಚಹಾ ಆರಿಸಿಕೊಳ್ಳುತ್ತಿದ್ದರು.

“ಬೇಡ” ಎಂದರು. “ಎರಡೂ ಇರಲಿ.”